ವಿಳಾಸ ಮುಗಿದುಹೋದ ಇಂಟರ್ನೆಟ್: ಹಾಲಿ ಸಿಕ್ಕಾದಿಂದ ಐಪಿವಿ6ರವರೆಗೆ

ಬೀದರಿನಿಂದ ಮಾತಾಡ್ತಿದ್ದೀನಿ, ಅದರಲ್ಲೂ ಕೊಳಾರದಿಂದ. ಚಿನ್ನದ ಗಣಿಯ ಕೋಲಾರ ಅಲ್ಲ, ಬೀದರಿನ ಕೈಗಾರಿಕಾ ಪ್ರದೇಶದ ಕೊಳಾರ. ಕನ್ನಡದಲ್ಲಿ ಬರೆದರೆ ಎರಡಕ್ಕೂ ವ್ಯತ್ಯಾಸ ಕಾಣುತ್ತೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ. ಬರೀ ಊರ ಹೆಸರು, ರಾಜ್ಯದ ಹೆಸರು ಬರೆದು ಕವರ್ ಡಬ್ಬಿಗೆ ಹಾಕಿದ್ರೆ ಅದು ಆರುನೂರು ಕಿಲೋಮೀಟರಿಗೂ ದೂರದ ಇನ್ನೊಂದು ಊರಿಗೆ ಹೋಗಿ ಕೂರಬಹುದು. ಇಂಥ ಗೊಂದಲ ತಪ್ಪಿಸೋಕೆ ಅಂತಾನೆ ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್ ಕೋಡ್ ತಂದಿದ್ದು. ಬೀದರಿಗೆ 585401, ಭಾಲ್ಕಿಗೆ 585328, ಔರಾದಿಗೆ 585326. ಮೊದಲ ಮೂರು ಅಂಕಿ ನೋಡಿದ್ರೆ ಸಾಕು, ಇದು ಕಲಬುರಗಿ ಕಡೆಯ ಟಪಾಲು ಅಂತ ವಿಂಗಡಣೆ ಮಾಡೋರಿಗೆ ಗೊತ್ತಾಗುತ್ತೆ.

ಇವತ್ತಿನ ಮಾತು ವಿಳಾಸದ ಬಗ್ಗೆನೇ. ಆದರೆ ಟಪಾಲಿನ ವಿಳಾಸ ಅಲ್ಲ, ನಿಮ್ಮ ಕೈಯಲ್ಲಿರೋ ಫೋನಿನ ವಿಳಾಸ. ನೀವು ಈ ಪಾಡ್‌ಕಾಸ್ಟ್ ಕೇಳ್ತಿರೋ ಈ ಕ್ಷಣದಲ್ಲಿ ನಿಮ್ಮ ಫೋನಿಗೆ ಒಂದು ಐಪಿ ವಿಳಾಸ ಇದೆ. ಅದಿಲ್ಲದಿದ್ರೆ ನನ್ನ ದನಿ ನಿಮ್ಮ ತನಕ ಬರೋಕೆ ದಾರಿನೇ ಇಲ್ಲ. ಸಮಸ್ಯೆ ಏನಂದ್ರೆ, ಆ ಹಳೆಯ ನಮೂನೆಯ ವಿಳಾಸಗಳು ಹದಿನೈದು ವರ್ಷದ ಹಿಂದೆಯೇ ಖಾಲಿಯಾಗಿವೆ. ಹೊಸ ನಮೂನೆ ತಯಾರಾಗಿ ಮೂವತ್ತು ವರ್ಷ ಆಯ್ತು. ಆದ್ರೂ ನಮ್ಮ ಓಣಿಯ ವೈಫೈವರೆಗೆ ಅದು ಇನ್ನೂ ಪೂರ್ತಿ ಬಂದಿಲ್ಲ. ಯಾಕೆ? ಈ ಕಥೆ ಅಲ್ಲಿಂದ ಶುರು.

1970ರ ದಶಕಕ್ಕೆ ಹೋಗೋಣ. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೀತಿದ್ದ ಅರ್ಪಾನೆಟ್ ಅನ್ನೋ ಕಂಪ್ಯೂಟರ್ ಜಾಲ. ವಿಂಟ್ ಸರ್ಫ್, ಬಾಬ್ ಕಾನ್ ಅನ್ನೋ ಇಬ್ಬರು ಬೇರೆ ಬೇರೆ ಜಾಲಗಳನ್ನ ಒಂದಕ್ಕೊಂದು ಜೋಡಿಸೋ ನಿಯಮ ಬರೀತಿದ್ರು. 1977ರ ಸುಮಾರಿಗೆ ಒಂದು ಪ್ರಶ್ನೆ ಬಂತು: ಪ್ರತಿ ಯಂತ್ರದ ವಿಳಾಸ ಎಷ್ಟು ಉದ್ದ ಇರಬೇಕು? 128 ಬಿಟ್ ಇರ್ಲಿ ಅಂದವರೂ ಇದ್ರು. ಕೊನೆಗೆ ಸರ್ಫ್ 32 ಬಿಟ್ ಸಾಕು ಅಂತ ತೀರ್ಮಾನ ಮಾಡಿದ್ರು. 32 ಬಿಟ್ ಅಂದ್ರೆ 429 ಕೋಟಿ 49 ಲಕ್ಷ ಚಿಲ್ಲರೆ ವಿಳಾಸ. ಆಗಿನ ಜಗತ್ತಿನ ಜನಸಂಖ್ಯೆಯೇ ಹೆಚ್ಚುಕಮ್ಮಿ ಅಷ್ಟು. ಇದೊಂದು ಪ್ರಯೋಗ, ಇಷ್ಟು ಧಾರಾಳವಾಯ್ತು ಅನ್ನೋದು ಲೆಕ್ಕ. ಆಮೇಲೆ ಸರ್ಫ್ ಅವರೇ ಎಷ್ಟೋ ಸಭೆಗಳಲ್ಲಿ ಇದನ್ನ ನಗ್ತಾ ಹೇಳಿಕೊಂಡಿದ್ದಾರೆ: ಆ ಪ್ರಯೋಗ ಮುಗೀಲೇ ಇಲ್ಲ ಅಂತ.

1981ರ ಸೆಪ್ಟೆಂಬರಿನಲ್ಲಿ ಆ ನಿಯಮ ಅಧಿಕೃತವಾಗಿ ಹೊರಬಂತು. ಅದೇ ಐಪಿವಿ4. 1983ರ ಜನವರಿ 1ರಂದು ಅರ್ಪಾನೆಟ್ಟಿನ ಸುಮಾರು 400 ಕಂಪ್ಯೂಟರುಗಳು ಒಂದೇ ದಿನ ಹಳೆಯ ನಿಯಮ ಬಿಟ್ಟು ಹೊಸದಕ್ಕೆ ಬಂದವು. ಇದನ್ನ ನೆನಪಿಟ್ಟುಕೊಳ್ಳಿ. ಒಂದೇ ದಿನ, ಒಬ್ಬರ ಅಪ್ಪಣೆ, ಎಲ್ಲರೂ ಬದಲಾದ್ರು. ದುಡ್ಡು ಕೊಡೋರು ಒಬ್ರೇ ಇದ್ದಾಗ ಇದೆಲ್ಲ ಸಾಧ್ಯ.

ನಮ್ಮ ದೇಶದಲ್ಲಿ ಇದು ಶುರುವಾಗಿದ್ದು 1986ರಲ್ಲಿ, ಅರ್ನೆಟ್ ಅನ್ನೋ ಯೋಜನೆಯಿಂದ. ಅದರಲ್ಲಿದ್ದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜನಸಾಮಾನ್ಯರಿಗೆ ವಿಎಸ್ಎನ್ಎಲ್ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ನಾವು ಬರೋ ಹೊತ್ತಿಗೆ ಅಮೆರಿಕದಲ್ಲಿ ವಿಳಾಸಗಳನ್ನ ಮದುವೆ ಮನೆಯ ಬುಂದಿ ಥರ ಹಂಚಿ ಮುಗಿದಿತ್ತು. ಎಂಐಟಿ ಅನ್ನೋ ಒಂದೇ ವಿಶ್ವವಿದ್ಯಾಲಯದ ಹತ್ರ 1 ಕೋಟಿ 67 ಲಕ್ಷ ವಿಳಾಸ. ಫೋರ್ಡ್ ಕಾರು ಕಂಪನಿ ಹತ್ರ ಅಷ್ಟೇ. ಆಪಲ್ ಹತ್ರ ಅಷ್ಟೇ. ಇಡೀ ಭಾರತಕ್ಕೆ ಇವತ್ತಿನವರೆಗೆ ಸಿಕ್ಕಿದ್ದು ಸುಮಾರು ನಾಲ್ಕು ಕೋಟಿ. ಯಾರೂ ನಮಗೆ ಮೋಸ ಮಾಡಿಲ್ಲ, ಅದನ್ನೂ ಹೇಳಬೇಕು. ಮೊದಲು ಬಂದವರಿಗೆ ಪಂಕ್ತಿಯಲ್ಲಿ ಮೊದಲು ಬಡಿಸಿದ್ರು, ಕೊನೆಗೆ ಬಂದವರಿಗೆ ಪಾತ್ರೆಯ ತಳ ಸಿಕ್ತು. ಎಂಐಟಿ 2017ರಲ್ಲಿ ತನ್ನ ಪಾಲಿನಲ್ಲಿ ಸುಮಾರು 80 ಲಕ್ಷ ವಿಳಾಸ ಮಾರಿತು. ಬಿಟ್ಟಿ ಸಿಕ್ಕಿದ್ದನ್ನ!

ವಿಳಾಸ ಸಾಲಲ್ಲ ಅಂತ 1990ರ ದಶಕದ ಆರಂಭದಲ್ಲೇ ಎಂಜಿನಿಯರುಗಳಿಗೆ ಗೊತ್ತಾಗಿತ್ತು. ಎರಡು ಕೆಲಸ ಒಟ್ಟಿಗೆ ನಡೆದವು. ಒಂದು ಶಾಶ್ವತ ಪರಿಹಾರ: 128 ಬಿಟ್ಟಿನ ಹೊಸ ವಿಳಾಸ, ಐಪಿವಿ6. ಅದರ ಮೊದಲ ಕರಡು ನಿಯಮ ಬಂದಿದ್ದು 1995ರ ಡಿಸೆಂಬರಿನಲ್ಲಿ. (ಐದು ಎಲ್ಲಿ ಹೋಯ್ತು ಅಂತ ಕೇಳ್ತೀರಾ? ಆ ನಂಬರನ್ನ ಬೇರೊಂದು ಪ್ರಯೋಗಕ್ಕೆ ಮೊದಲೇ ಕೊಟ್ಟುಬಿಟ್ಟಿದ್ರು.) ಇದರಲ್ಲಿ ಎಷ್ಟು ವಿಳಾಸ ಅಂದ್ರೆ 340 ಬರೆದು ಮುಂದೆ 36 ಸೊನ್ನೆ ಹಾಕಬೇಕು. ಲಕ್ಷ ಕೋಟಿಗಳಲ್ಲಿ ಎಣಿಸೋಕೆ ಹೋದ್ರೆ ನಾಲಿಗೆ ಸೋಲುತ್ತೆ, ಬಿಡಿ.

ಇನ್ನೊಂದು ತಾತ್ಕಾಲಿಕ ಪರಿಹಾರ. ಅದರ ಹೆಸರು ನ್ಯಾಟ್. 1994ರಲ್ಲಿ ಬಂತು. ಹೊರಗೆ ಒಂದೇ ವಿಳಾಸ, ಒಳಗೆ ಎಷ್ಟು ಬೇಕಾದ್ರೂ ಯಂತ್ರ. ಒಂದು ದೊಡ್ಡ ವಾಡೆಗೆ ಒಂದೇ ಬಾಗಿಲು, ಒಳಗೆ ಹತ್ತು ಸಂಸಾರ. ಹೊರಗಿನಿಂದ ಬಂದ ಟಪಾಲನ್ನ ಬಾಗಿಲ ಹತ್ರ ಕೂತ ಅಜ್ಜ ನೋಡಿ ನೋಡಿ ಯಾರ ಕೋಣೆಗೆ ಅಂತ ಕಳಿಸ್ತಾನೆ. ನಿಮ್ಮ ಮನೆಯ ವೈಫೈ ರೂಟರ್ ಮಾಡೋದು ಇದನ್ನೇ. ತಾತ್ಕಾಲಿಕ ಅಂದಿದ್ದು ಗಟ್ಟಿಯಾಗಿ ಕೂತುಬಿಡ್ತು, ಶಾಶ್ವತ ಅಂದಿದ್ದು ಕಾಗದದಲ್ಲೇ ಉಳೀತು. ನಮ್ಮಲ್ಲಿ ರಸ್ತೆ ಗುಂಡಿಗೆ ಮಣ್ಣು ಹಾಕ್ತಾರಲ್ಲ, ಅದೇ ಕಥೆ.

ಈಗ ನಿಜವಾದ ತೊಡಕಿಗೆ ಬರ್ತೀನಿ. ಐಪಿವಿ4 ಯಂತ್ರ, ಐಪಿವಿ6 ಯಂತ್ರ ಒಂದರ ಜೊತೆ ಒಂದು ನೇರವಾಗಿ ಮಾತಾಡೋಕೆ ಬರಲ್ಲ. ಲ್ಯಾಂಡ್‌ಲೈನ್ ನಂಬರಿನ ಮುಂದೆ 2 ಸೇರಿಸಿದಾಗ ಹಾಗಾಗಲಿಲ್ಲ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡೋವಾಗ ಸೊನ್ನೆ ಒತ್ತಬೇಕು ಅಂದಾಗಲೂ ಹಾಗಾಗಲಿಲ್ಲ. ಅಲ್ಲಿ ಹಳೇ ನಂಬರಿಗೇ ಒಂದು ಅಂಕಿ ಜಾಸ್ತಿ, ಅಷ್ಟೇ. ಇಲ್ಲಿ ಹಾಗಲ್ಲ, ಇದು ಬೇರೆಯೇ ನಾಣ್ಯ.

ನಾಣ್ಯ ಅಂದೆ ಅಲ್ವಾ, ಇದಕ್ಕೆ ನಮ್ಮ ಬೀದರಿನಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ಪಾಠದ ಪುಸ್ತಕದಲ್ಲಿ ಇದನ್ನ ಯಾರೂ ಹೇಳಲ್ಲ.

1948ರ ಸೆಪ್ಟೆಂಬರ್ 17ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರಿಗೆ ತಮ್ಮದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ಭಾರತದ ರೂಪಾಯಿಗೆ ಕಲ್ದಾರ್ ಅಂತಿದ್ರು. ಎರಡೂ ರೂಪಾಯಿನೇ, ಆದರೆ ಎರಡರ ಬೆಲೆ ಬೇರೆ. 100 ಕಲ್ದಾರಿಗೆ 116 ಹಾಲಿ ರೂಪಾಯಿ, ಹತ್ತಾಣೆ, ಎಂಟು ಪೈ. ಅಂದ್ರೆ ಆರು ಕಲ್ದಾರ್ ಅಂದ್ರೆ ಏಳು ಹಾಲಿ. ಸಂತೆಯಲ್ಲಿ ಜೋಳ ಕೊಳ್ಳೋಕೆ ಹಾಲಿ ನಡೀತಿತ್ತು. ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರದ ವ್ಯಾಪಾರಿಗೆ ದುಡ್ಡು ಕಟ್ಟೋಕೆ ಕಲ್ದಾರೇ ಬೇಕು. ನಡುವೆ ಬದಲಿಸಿಕೊಡೋ ಸಾಹುಕಾರನಿಗೆ ಬಟ್ಟಾ, ಅಂದ್ರೆ ವಟ್ಟ, ಕೊಡಬೇಕು. ಟಪಾಲೂ ಹಾಗೇ. ಸಂಸ್ಥಾನಕ್ಕೆ 1869ರಿಂದ ತನ್ನದೇ ಅಂಚೆ ಚೀಟಿ ಇತ್ತು, ಅದು ಸಂಸ್ಥಾನದ ಒಳಗೆ ಮಾತ್ರ ಚಲಾವಣೆ. ಹೊರಗಿನ ಊರಿಗೆ ಬರೀಬೇಕಾದ್ರೆ ಬ್ರಿಟಿಷ್ ಭಾರತದ ಅಂಚೆ ಚೀಟಿ.

ನೆಟ್‌ವರ್ಕ್ ಎಂಜಿನಿಯರುಗಳ ಭಾಷೆಯಲ್ಲಿ ಇದಕ್ಕೆ ಡ್ಯುಯಲ್ ಸ್ಟ್ಯಾಕ್ ಅಂತಾರೆ. ಎರಡೂ ನಮೂನೆಯನ್ನ ಒಟ್ಟಿಗೆ ಇಟ್ಕೊಂಡು, ಎದುರಿಗಿದ್ದವನು ಯಾವುದನ್ನ ತಗೋತಾನೋ ಅದನ್ನ ಕೊಡೋದು. ನಡುವೆ ಬದಲಿಸಿಕೊಡೋ ಸಾಹುಕಾರನೂ ಇಂಟರ್ನೆಟ್ಟಿನಲ್ಲಿ ಇದ್ದಾನೆ, ಅವನಿಗೆ ಅನುವಾದದ ಪೆಟ್ಟಿಗೆ ಅನ್ನಬಹುದು. ಅವನೂ ವಟ್ಟ ತಗೋತಾನೆ: ಸ್ವಲ್ಪ ಸಮಯ, ಸ್ವಲ್ಪ ಕರೆಂಟು, ಸ್ವಲ್ಪ ದುಡ್ಡು.

ವಿಲೀನ ಆದಮೇಲೆ ಏನಾಯ್ತು? 1950ರಲ್ಲಿ ಸಂಸ್ಥಾನದ ಅಂಚೆ ಭಾರತದ ಅಂಚೆಯಲ್ಲಿ ಸೇರಿಹೋಯ್ತು. ಹಾಲಿ ಸಿಕ್ಕಾ ಮಾತ್ರ ತಕ್ಷಣ ಹೋಗಲಿಲ್ಲ. 1950ರ ದಶಕದಲ್ಲಿ ಕೆಲವು ವರ್ಷ ಎರಡೂ ಜೊತೆಯಲ್ಲೇ ನಡೆದವು. ಜನರ ಗಡಿಗೆಯಲ್ಲಿ, ಟ್ರಂಕಿನಲ್ಲಿ ಇದ್ದಿದ್ದು ಹಾಲಿ. ಸಾಲಪತ್ರ ಬರೆದಿದ್ದು ಹಾಲಿಯಲ್ಲಿ. ಕೊನೆಗೆ ಸರ್ಕಾರವೇ ಅದನ್ನ ಚಲಾವಣೆಯಿಂದ ತೆಗೀತು. 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಬಂತು, ಹಳೇ ಜಿಲ್ಲೆಯ ಉದಗೀರ್, ನಿಲಂಗಾ ಆ ಕಡೆ ಹೋದವು, ಜಹೀರಾಬಾದ್ ಈ ಕಡೆ ಹೋಯ್ತು. ಆ ಕಾಲದ ಹಿರಿಯರು ಮನೆ ಬದಲಿಸದೇ ವಿಳಾಸ ಎರಡು ಸಲ ಬದಲಿಸಿದವರು.

ಹೋಲಿಕೆ ಇಲ್ಲಿಗೆ ನಿಲ್ಲುತ್ತೆ. ಯಾಕಂದ್ರೆ ನಾಣ್ಯ ರದ್ದು ಮಾಡೋಕೆ ಒಂದು ಸರ್ಕಾರ ಇತ್ತು. ಐಪಿವಿ4 ರದ್ದು ಅಂತ ಹೇಳೋ ಅಧಿಕಾರ ಜಗತ್ತಿನಲ್ಲಿ ಯಾರಿಗೂ ಇಲ್ಲ. 1983ರಲ್ಲಿ 400 ಯಂತ್ರ, ಒಬ್ಬ ಯಜಮಾನ. ಈಗ ಸಾವಿರಾರು ಜಾಲಗಳು, ಪ್ರತಿಯೊಂದಕ್ಕೂ ಬೇರೆ ಯಜಮಾನ. ಹಾಗಾಗಿ ಉಳಿದಿದ್ದು ಒಂದೇ ದಾರಿ, ಒಬ್ಬೊಬ್ಬ ಆಪರೇಟರನ್ನೂ ಕೂರಿಸಿಕೊಂಡು ಒಪ್ಪಿಸೋದು.

ಈ ಒಪ್ಪಿಸೋ ಕೆಲಸ ಭಾರತದಲ್ಲಿ ಹೇಗೆ ನಡೀತು ಅಂತ ನೋಡಿದ್ರೆ ನಗೂ ಬರುತ್ತೆ, ಮರುಕವೂ ಬರುತ್ತೆ. 2005ರ ಆಗಸ್ಟಿನಲ್ಲಿ ಟ್ರಾಯ್ ಈ ಬಗ್ಗೆ ಎಲ್ಲರ ಅಭಿಪ್ರಾಯ ಕೇಳೋ ಪತ್ರ ಹೊರಡಿಸಿತು. 2006ರ ಜನವರಿಯಲ್ಲಿ ಶಿಫಾರಸು ಕೊಟ್ಟಿತು. ಅಂದ್ರೆ ನಾವು ತಡವಾಗಿ ಎಚ್ಚರ ಆದವರಲ್ಲ, ಸರಿಯಾದ ಹೊತ್ತಿಗೇ ಎದ್ದಿದ್ವಿ. 2010ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ರಾಷ್ಟ್ರೀಯ ಐಪಿವಿ6 ನೀಲನಕ್ಷೆ ತಂತು. 10,000 ಗ್ರಾಹಕರಿಗಿಂತ ಹೆಚ್ಚಿರೋ ಕಂಪನಿಗಳು 2011ರ ಡಿಸೆಂಬರ್ ಒಳಗೆ ಐಪಿವಿ6 ಸೇವೆ ಕೊಡೋ ಗುರಿ ಇಟ್ಕೋಬೇಕು, ಕೇಂದ್ರ ಮತ್ತು ರಾಜ್ಯದ ಎಲ್ಲಾ ಇಲಾಖೆಗಳು 2012ರ ಮಾರ್ಚ್ ಒಳಗೆ ಬಳಸೋಕೆ ಶುರು ಮಾಡಬೇಕು. ಕಾರ್ಯಾಗಾರ ನಡೆದವು, ಕಾರ್ಯಪಡೆ ಆಯ್ತು, ಚಹಾ ಬಿಸ್ಕತ್ತೂ ಆಗಿರುತ್ತೆ.

ಅಷ್ಟರಲ್ಲಿ 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಭಂಡಾರ ಖಾಲಿ ಆಯ್ತು. ಉಳಿದಿದ್ದ ಕೊನೆಯ ಐದು ದೊಡ್ಡ ತುಂಡುಗಳನ್ನ ಐದು ವಲಯಗಳಿಗೆ ಒಂದೊಂದು ಕೊಟ್ಟು ಬಾಗಿಲು ಹಾಕಿದ್ರು. ನಮ್ಮ ಏಷ್ಯಾ ಪೆಸಿಫಿಕ್ ವಲಯದ ಏಪ್ನಿಕ್, ಅದರ ಕಚೇರಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ, ಅದೇ ಏಪ್ರಿಲಿಗೆ ರೇಷನ್ ಶುರು ಮಾಡ್ತು. ಎಲ್ಲರಿಗಿಂತ ಮೊದಲು. ಅಲ್ಲಿಂದ ಮುಂದೆ ಯಾರೇ ಬಂದ್ರೂ ಆ ಕೊನೆಯ ದಾಸ್ತಾನಿನಿಂದ 1,024 ವಿಳಾಸ ಮಾತ್ರ. 2019ರಿಂದ ಅದೂ 512 ಆಯ್ತು. ಅದೇ ವರ್ಷ ನಾರ್ಟೆಲ್ ಅನ್ನೋ ದಿವಾಳಿ ಕಂಪನಿಯಿಂದ ಮೈಕ್ರೋಸಾಫ್ಟ್ 6,66,624 ವಿಳಾಸಗಳನ್ನ 75 ಲಕ್ಷ ಡಾಲರಿಗೆ ಕೊಂಡಿತು. ಅದೇ ವರ್ಷ ಅಂದ್ರೆ 2011. ಒಂದು ವಿಳಾಸಕ್ಕೆ 11 ಡಾಲರ್ 25 ಸೆಂಟ್. ನಂಬರಿಗೆ ದರ ಕಟ್ಟೋ ಕಾಲ ಬಂದಾಗಿತ್ತು. ಮುಂದೆ ಹತ್ತು ವರ್ಷದಲ್ಲಿ ಅದು 50 ಡಾಲರ್ ದಾಟಿತು.

2011ರ ಜೂನ್ 8ರಂದು ಗೂಗಲ್, ಫೇಸ್‌ಬುಕ್, ಯಾಹೂ ಎಲ್ಲಾ ಸೇರಿ ಒಂದು ದಿನ ಐಪಿವಿ6 ಹಚ್ಚಿ ನೋಡಿದ್ರು. ಏನೂ ಮುರಿದುಬೀಳಲಿಲ್ಲ. 2012ರ ಜೂನ್ 6ರಂದು ಕಾಯಂ ಹಚ್ಚಿದ್ರು. ನಮ್ಮ ನೀಲನಕ್ಷೆಯ ಗಡುವು ಆಗಲೇ ಕಳೆದಿತ್ತು. 2013ರ ಮಾರ್ಚಿನಲ್ಲಿ ನೀಲನಕ್ಷೆಯ ಎರಡನೇ ಆವೃತ್ತಿ ಬಂತು: 2014ರ ಜೂನ್ 30ರ ನಂತರ ಕೊಡೋ ಪ್ರತಿ ಹೊಸ ಮನೆ ತಂತಿ ಸಂಪರ್ಕದಲ್ಲೂ ಐಪಿವಿ6 ಇರಬೇಕು. ಆಮೇಲೆ 2021ರ ನವೆಂಬರಿನಲ್ಲಿ ಮತ್ತೊಂದು ಸುತ್ತೋಲೆ. ಅದರಲ್ಲೂ ಅದೇ ವಾಕ್ಯ, ತಾರೀಕು ಮಾತ್ರ 2022ರ ಡಿಸೆಂಬರ್ 31. ನಮ್ಮ ಕಡೆ ಸರ್ಕಾರಿ ಕಟ್ಟಡದ ಶಂಕುಸ್ಥಾಪನೆ ಕಲ್ಲು ನೋಡಿದವರಿಗೆ ಇದು ಹೊಸದಲ್ಲ.

ಹಾಗಾದ್ರೆ ಭಾರತ ಬದಲಾಗಲೇ ಇಲ್ವಾ? ಬದಲಾಯ್ತು, ಅದೂ ಜಗತ್ತೇ ತಿರುಗಿ ನೋಡೋ ಹಾಗೆ. ಆದರೆ ಸುತ್ತೋಲೆಯಿಂದ ಅಲ್ಲ.

2016ರ ಸೆಪ್ಟೆಂಬರ್ 5. ಜಿಯೋ ಶುರುವಾದ ದಿನ. ನಿಮ್ಮಲ್ಲಿ ಎಷ್ಟೋ ಜನ ಸಿಮ್ಮಿಗೆ ಸಾಲಲ್ಲಿ ನಿಂತಿದ್ದು ನೆನಪಿರಬಹುದು, ಅಥವಾ ಅಣ್ಣನೋ ಅಕ್ಕನೋ ನಿಂತಿದ್ದನ್ನ ಕೇಳಿರಬಹುದು. 170 ದಿನದಲ್ಲಿ 10 ಕೋಟಿ ಗ್ರಾಹಕರು. ಇಡೀ ದೇಶದ ಹಳೇ ವಿಳಾಸ ನಾಲ್ಕು ಕೋಟಿ ಅಂದೆ, ಒಂದೇ ಕಂಪನಿಗೆ ಆರು ತಿಂಗಳೊಳಗೆ ಹತ್ತು ಕೋಟಿ ಫೋನು! ಹೊಸದಾಗಿ ಕಟ್ಟಿದ ಬರೀ 4ಜಿ ಜಾಲ, ಹಳೇ ಸಾಮಾನಿನ ಹೊರೆ ಇಲ್ಲ. ಅವರು ಮೊದಲ ದಿನದಿಂದಲೇ ಫೋನುಗಳಿಗೆ ಐಪಿವಿ6 ಕೊಟ್ರು. ಅದೇ ವರ್ಷ ಜೂನ್ 1ರಿಂದ ಆಪಲ್ ಒಂದು ನಿಯಮ ತಂದಿತ್ತು: ಬರೀ ಐಪಿವಿ6 ಇರೋ ಜಾಲದಲ್ಲಿ ಓಡದ ಆಪ್ ನಮ್ಮ ಅಂಗಡಿಗೆ ಬೇಡ. ಆಂಡ್ರಾಯ್ಡಿನಲ್ಲಿ ಹಳೇ ಆಪುಗಳಿಗೆ ಅನುವಾದ ಮಾಡೋ ಏರ್ಪಾಡು 2013ರಿಂದಲೇ ಇತ್ತು. ಎಲ್ಲಾ ಒಟ್ಟಿಗೆ ಕೂಡಿಬಂತು. 2016ರ ಆರಂಭದಲ್ಲಿ ಲೆಕ್ಕಕ್ಕೇ ಇಲ್ಲದ ಭಾರತ, ಈಗ ಐಪಿವಿ6 ಬಳಕೆಯಲ್ಲಿ ಜಗತ್ತಿನ ಮುಂಚೂಣಿ ದೇಶಗಳ ಸಾಲಿನಲ್ಲಿದೆ. ನಮ್ಮಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬಳಕೆದಾರರು ಅದರಲ್ಲೇ ಇದ್ದಾರೆ. ಔರಾದಿನ ಹೊಲದಲ್ಲಿ ತೊಗರಿ ಕಾಯ್ತಾ ರೀಲ್ಸ್ ನೋಡೋ ಹುಡುಗ, ಈ ವಿಷಯದಲ್ಲಿ ಯುರೋಪಿನ ಎಷ್ಟೋ ನಗರಗಳವರಿಗಿಂತ ಮುಂದೆ. ಅವನಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ನೀವೇ ನೋಡಬೇಕಾ? ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಆನ್ ಮಾಡಿ, ನನ್ನ ಐಪಿ ಯಾವುದು ಅಂತ ಇಂಗ್ಲಿಷಿನಲ್ಲಿ ಗೂಗಲ್ ಮಾಡಿ. 24ರಿಂದ ಶುರುವಾಗೋ, ನಡುನಡುವೆ ಎರಡೆರಡು ಚುಕ್ಕಿ ಇರೋ ಉದ್ದನೆಯ ಸಾಲು ಬಂದ್ರೆ ಅದು ಐಪಿವಿ6. ಆ 24 ನಮ್ಮ ಏಷ್ಯಾ ಪೆಸಿಫಿಕ್ ವಲಯದ ಗುರುತು, ಪಿನ್ನಿನಲ್ಲಿ 585 ಇದ್ದಹಾಗೆ. ಈಗ ಮನೆ ವೈಫೈಗೆ ಬಂದು ಅದೇ ನೋಡಿ. ಅನೇಕರಿಗೆ ಇಲ್ಲಿ ಚಿಕ್ಕ ಹಳೇ ನಂಬರ್ ಬರುತ್ತೆ. ಮೊಬೈಲ್ ಮುಂದೆ ಹೋಯ್ತು, ತಂತಿ ಹಿಂದೆ ಉಳೀತು.

ಯಾಕೆ ಹಿಂದೆ ಉಳೀತು ಅಂತ ತಿಳಿಯೋಕೆ ಕೊಳಾರದಲ್ಲಿ ಫೈಬರ್ ನಡೆಸೋ ಒಬ್ಬರ ಹತ್ರ ಹೋಗಿದ್ದೆ. ಹೆಸರು ಬೇಡ ಅಂದ್ರು. ಮೊದಲು ಕೇಬಲ್ ಟಿವಿ ಮಾಡ್ತಿದ್ದವರು, ನಾನು ಕಾಕಾ ಅಂತೀನಿ. ನನ್ನ ಪ್ರಶ್ನೆ ಮುಗಿಯೋ ಮುಂಚೆನೇ ಅವರು ತಿರುಗಿ ಕೇಳಿದ್ರು: "ಹೊಸದು ಹಾಕಿದ್ರ ನಂಗ ಏನ್ ಲಾಭ ಅದ ಹೇಳಪ್ಪಾ? ಒಬ್ಬ ಗಿರಾಕಿ ಬಂದು ನಂಗ ಐಪಿವಿ6 ಕೊಡ್ರಿ ಅಂದಿಲ್ಲ. ಸ್ಪೀಡ್ ಕೊಡ್ರಿ ಅಂತಾರ, ರೇಟ್ ಕಮ್ಮಿ ಮಾಡ್ರಿ ಅಂತಾರ."

ಸುಳ್ಳಲ್ಲ. ಇದನ್ನ ಅಜ್ಞಾನ ಅಂತ ತಳ್ಳಿಹಾಕೋ ಭಾಷಣಗಳನ್ನ ನಾನು ಕೇಳಿದ್ದೀನಿ, ನನಗೆ ಒಪ್ಪಿಗೆ ಆಗಲ್ಲ. ಅವರ ಲೆಕ್ಕ ನೋಡಿ. ಮನೆಮನೆಗೆ ಹಾಕಿರೋ ಹಳೇ ರೂಟರುಗಳಲ್ಲಿ ಕೆಲವಕ್ಕೆ ಹೊಸ ವಿಳಾಸ ಗೊತ್ತೇ ಇಲ್ಲ, ಬದಲಿಸೋ ಖರ್ಚು ಯಾರದು? ಬಿಲ್ಲಿಂಗ್ ಸಾಫ್ಟ್‌ವೇರ್ ಹಳೇದು. ಮೇಲಿನ ದೊಡ್ಡ ಕಂಪನಿಯಿಂದ ಬ್ಯಾಂಡ್‌ವಿಡ್ತ್ ಕೊಳ್ತಾರೆ, ಆ ಕಂಪನಿ ಕೊಡದಿದ್ರೆ ಇವರು ಕೊಡೋಕಾಗಲ್ಲ. ಕೆಲಸಕ್ಕಿರೋ ಇಬ್ಬರು ಹುಡುಗರು ದಿನಾ ಕಂಬ ಹತ್ತಿ ಫೈಬರ್ ಜೋಡಿಸೋದ್ರಲ್ಲೇ ಇರ್ತಾರೆ, ಹೊಸದು ಕಲಿಯೋಕೆ ಹೊತ್ತಿಲ್ಲ.

ಸರಿ, ಹಾಗಾದ್ರೆ ಸಾವಿರಾರು ಮನೆಗೆ ವಿಳಾಸ ಎಲ್ಲಿಂದ ತರ್ತಾರೆ? ಇಲ್ಲಿ ಬರುತ್ತೆ ನ್ಯಾಟಿನ ದೊಡ್ಡಣ್ಣ, ಸಿಜಿನ್ಯಾಟ್. ಮೊದಲು ಒಂದು ಮನೆಗೆ ಒಂದು ಬಾಗಿಲು ಅಂದೆ ಅಲ್ವಾ, ಈಗ ಇಡೀ ಓಣಿಗೆ ಒಂದೇ ಬಾಗಿಲು. ನಿಮ್ಮ ರೂಟರಿನ ಪುಟ ತೆರೆದು ಹೊರಗಿನ ವಿಳಾಸ, ಅದೇ ವ್ಯಾನ್ ಐಪಿ, ನೋಡಿ. 100.64ರಿಂದ 100.127ರ ನಡುವೆ ಶುರುವಾದ್ರೆ ನೀವು ಆ ದೊಡ್ಡ ವಾಡೆಯ ಒಳಗಿದ್ದೀರಿ. 2012ರಲ್ಲಿ ಇದಕ್ಕಂತಲೇ ಆ ನಂಬರುಗಳನ್ನ ತೆಗೆದಿಟ್ರು. ಗೇಮ್ ಆಡೋವಾಗ ಗೆಳೆಯನ ಜೊತೆ ನೇರ ಜೋಡಣೆ ಆಗ್ತಿಲ್ವಾ, ನ್ಯಾಟ್ ಟೈಪ್ ಸ್ಟ್ರಿಕ್ಟ್ ಅಂತ ಬರ್ತಿದ್ಯಾ? ಗೂಗಲ್ ಇದ್ದಕ್ಕಿದ್ದ ಹಾಗೆ ನೀವು ರೋಬೋಟ್ ಅಲ್ಲ ಅಂತ ಸಾಬೀತು ಮಾಡಿ, ಟ್ರಾಫಿಕ್ ಲೈಟ್ ಇರೋ ಚಿತ್ರ ಒತ್ತಿ ಅಂತ ಸತಾಯಿಸುತ್ತಾ? ಓಣಿಯ ಇನ್ಯಾರೋ ಮಾಡಿದ ಕಿತಾಪತಿಗೆ ನೀವೂ ಲೆಕ್ಕ ಕೊಡ್ತಿದ್ದೀರಿ. ಕೊಳಾರದ ಸಣ್ಣ ಕಾರ್ಖಾನೆಯವರು ಗೋದಾಮಿನ ಸಿಸಿಟಿವಿಯನ್ನ ಮನೆಯಿಂದ ನೇರವಾಗಿ ನೋಡಬೇಕಂದ್ರೆ ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು ಕಟ್ಟಬೇಕು.

ಗೇಮು, ಕ್ಯಾಮೆರಾ ಇವೆಲ್ಲ ಸಣ್ಣ ತಾಪತ್ರಯ ಅನ್ನಿ. ಜೈಲಿನ ಮಾತು ಹೇಳ್ತೀನಿ.

2007ರ ಆಗಸ್ಟ್ ಕೊನೆಯ ದಿನ, ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯ ಮನೆಗೆ ಪುಣೆಯಿಂದ ಪೊಲೀಸರು ಬಂದ್ರು. ಆರ್ಕುಟ್‌ನಲ್ಲಿ, ಆಗಿನ ಫೇಸ್‌ಬುಕ್ ಅನ್ನಿ, ಶಿವಾಜಿ ಮಹಾರಾಜರ ಅವಹೇಳನ ಮಾಡೋ ಚಿತ್ರ ಹಾಕಿದ್ದು ನೀನೇ ಅಂತ ಅವರನ್ನ ಹಿಡಿದುಕೊಂಡು ಹೋದ್ರು. ಯರವಡ ಜೈಲಿನಲ್ಲಿ ಸುಮಾರು 50 ದಿನ ಇಟ್ರು. ಸಾಕ್ಷಿ ಏನು? ಒಂದು ಐಪಿ ವಿಳಾಸ. ಆ ಹೊತ್ತಿಗೆ ಆ ವಿಳಾಸ ಯಾರ ಹತ್ರ ಇತ್ತು ಅಂತ ಇಂಟರ್ನೆಟ್ ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಚಿತ್ರ ಹಾಕಿದ್ದು ಅವರಲ್ಲವೇ ಅಲ್ಲ. ಒಂದು ನಂಬರಿನ ಲೆಕ್ಕ ತಪ್ಪಿ ಒಬ್ಬ ಮನುಷ್ಯನ ಐವತ್ತು ದಿನ ಹೋಯ್ತು, ಮಾನ ಹೋಗಿದ್ದು ಬೇರೆ.

ಆಗ ತಪ್ಪಾಗಿದ್ದು ಒಂದು ವಿಳಾಸ ಆ ಹೊತ್ತಿನಲ್ಲಿ ಯಾವ ಗ್ರಾಹಕರ ಕೈಯಲ್ಲಿತ್ತು ಅನ್ನೋ ಲೆಕ್ಕದಲ್ಲಿ. ಈಗ ಸಿಜಿನ್ಯಾಟ್ ಹಿಂದೆ ಒಂದೇ ವಿಳಾಸದಲ್ಲಿ ಒಂದೇ ಕ್ಷಣಕ್ಕೆ ನೂರಾರು ಜನ ಇರಬಹುದು. ಯಾರು ಅಂತ ಹೇಳಬೇಕಾದ್ರೆ ವಿಳಾಸ ಸಾಲದು, ಪೋರ್ಟ್ ನಂಬರ್ ಬೇಕು, ಸೆಕೆಂಡಿನವರೆಗೆ ಕರಾರುವಾಕ್ ಸಮಯ ಬೇಕು, ಆ ದಾಖಲೆಯನ್ನ ಆಪರೇಟರ್ ಜೋಪಾನ ಮಾಡಿರಬೇಕು. ಗಡಿಯಾರ ಒಂದು ನಿಮಿಷ ಹಿಂದಿದ್ರೂ ಪಕ್ಕದ ಮನೆಯವರ ಬಾಗಿಲು ಬಡಿಯಬಹುದು. ಐಪಿವಿ6ನಲ್ಲಿ ಪ್ರತಿ ಸಂಪರ್ಕಕ್ಕೂ ಬೇರೆಯದೇ ವಿಳಾಸಗಳ ಕಟ್ಟು ಸಿಗೋದ್ರಿಂದ ಈ ಗೋಜಲು ಬಹಳ ಕಮ್ಮಿ ಆಗುತ್ತೆ.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಪ್ರತಿ ಯಂತ್ರಕ್ಕೂ ತನ್ನದೇ ವಿಳಾಸ ಅಂದ್ರೆ ಹಿಂಬಾಲಿಸೋದೂ ಸುಲಭ. ಮೊದಮೊದಲ ವಿನ್ಯಾಸದಲ್ಲಿ ನಿಮ್ಮ ಯಂತ್ರದ ಕಾಯಂ ಗುರುತಿನ ಸಂಖ್ಯೆಯೇ ವಿಳಾಸದ ಬಾಲದಲ್ಲಿ ಕೂತಿರ್ತಿತ್ತು. ಎಲ್ಲಿಗೆ ಹೋದ್ರೂ ಅದೇ ಬಾಲ. ಜನ ಗಲಾಟೆ ಮಾಡಿದಮೇಲೆ 2001ರಲ್ಲಿ ಆಗಾಗ ಬದಲಾಗೋ ತಾತ್ಕಾಲಿಕ ವಿಳಾಸದ ನಿಯಮ ಬಂತು. ಇವತ್ತಿನ ಫೋನುಗಳು ಅದನ್ನೇ ಬಳಸ್ತವೆ. ನ್ಯಾಟ್ ತೆಗೆದ್ರೆ ಕಳ್ಳರು ನುಗ್ತಾರೆ ಅಂತಾನೂ ಕೆಲವರು ಹೆದರಿಸ್ತಾರೆ. ಕಳ್ಳರನ್ನ ತಡೆಯೋದು ಫೈರ್‌ವಾಲ್, ಅದು ಎರಡರಲ್ಲೂ ಬೇಕು.

ಮತ್ತೆ ಕಾಕಾನ ಪ್ರಶ್ನೆ: ನಂಗೇನು ಲಾಭ? ಆಪರೇಟರುಗಳನ್ನ ಒಪ್ಪಿಸೋಕೆ ಹೋಗುವವರು ದೇಶದ ಭವಿಷ್ಯ, ಡಿಜಿಟಲ್ ಭಾರತ ಅಂತ ಶುರು ಮಾಡ್ತಾರೆ. ಅಲ್ಲಿಂದ ಶುರು ಮಾಡಿದ್ರೆ ಯಾರೂ ಕೇಳಲ್ಲ. ಸಿಜಿನ್ಯಾಟ್ ಪೆಟ್ಟಿಗೆಯಿಂದ ಶುರು ಮಾಡಬೇಕು. ಆ ಪೆಟ್ಟಿಗೆಗೆ ದುಡ್ಡು ಕೊಟ್ಟಿರ್ತಾರೆ, ಗಿರಾಕಿ ಹೆಚ್ಚಾದಂತೆ ಇನ್ನೂ ದೊಡ್ಡದು ಬೇಕು, ಅದರ ದಾಖಲೆ ಇಡೋಕೆ ಡಿಸ್ಕು ಬೇಕು. ಮನೆಗಳಲ್ಲಿ ಅತಿ ಹೆಚ್ಚು ಡೇಟಾ ತಿನ್ನೋದು ಯಾವುದು? ಯೂಟ್ಯೂಬ್, ಇನ್‌ಸ್ಟಾಗ್ರಾಮ್, ನೆಟ್‌ಫ್ಲಿಕ್ಸ್. ಇವೆಲ್ಲಾ ಐಪಿವಿ6ನಲ್ಲಿ ವರ್ಷಗಳಿಂದ ಇವೆ. ಗ್ರಾಹಕರಿಗೆ ಎರಡೂ ನಮೂನೆ ಕೊಟ್ರೆ ಫೋನು ತಾನೇ ಎರಡನ್ನೂ ಪ್ರಯತ್ನಿಸಿ, ಸಾಧ್ಯವಾದಲ್ಲೆಲ್ಲ ಹೊಸದನ್ನೇ ಆರಿಸುತ್ತೆ. ಆ ದಟ್ಟಣೆಯೆಲ್ಲಾ ಪೆಟ್ಟಿಗೆಯ ಹೊರಗಿಂದ ಹೋಗುತ್ತೆ. ಇದ್ದ ಪೆಟ್ಟಿಗೆಯೇ ಇನ್ನೂ ಕೆಲವು ವರ್ಷ ಸಾಕಾಗುತ್ತೆ. ಕೊಳ್ಳೋ ಐಪಿವಿ4 ಕಮ್ಮಿ. ಅಮೆಜಾನಿನ ಕ್ಲೌಡ್ ಕೂಡ 2024ರ ಫೆಬ್ರವರಿ 1ರಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆ ಲೆಕ್ಕದಲ್ಲಿ ಬಾಡಿಗೆ ಹಾಕಿದೆ. ಹಳೇ ನಾಣ್ಯಕ್ಕೆ ಅಲ್ಲೂ ವಟ್ಟ ಬಿದ್ದಿದೆ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ನಮ್ಮ ದೇಶದಲ್ಲಿ 2012ರಿಂದ ಐರಿನ್ ಅನ್ನೋ ಸಂಸ್ಥೆ ಇದೆ, ನಿಕ್ಸಿಯ ಅಂಗ. ವಿಳಾಸಗಳನ್ನ ಇಲ್ಲೇ ಕೊಡುತ್ತೆ. ಬೀದರಿನಂಥ ಒಂದೇ ಜಿಲ್ಲೆಯ ಲೈಸೆನ್ಸ್ ಇರೋ ಸಣ್ಣ ಆಪರೇಟರ್ ಹೋಗಿ ಕೇಳಿದ್ರೂ ಐಪಿವಿ6ನ ಒಂದು ಮಾಮೂಲಿ ಕಟ್ಟು ಸಿಗುತ್ತೆ. ಆ ಒಂದು ಕಟ್ಟಿನಲ್ಲಿ 429 ಕೋಟಿ ಪ್ರತ್ಯೇಕ ಜಾಲಗಳನ್ನ ಮಾಡಬಹುದು. ಇಡೀ ಜಗತ್ತಿನ ಹಳೇ ಇಂಟರ್ನೆಟ್ಟಿನಲ್ಲಿ ಎಷ್ಟು ವಿಳಾಸ ಇತ್ತೋ ಅಷ್ಟು ಜಾಲ, ಒಬ್ಬ ಕೊಳಾರದ ಕೇಬಲ್ ಕಾಕಾಗೆ. ಎಂಐಟಿಗೂ ಅವರಿಗೂ ಈ ಪಂಕ್ತಿಯಲ್ಲಿ ಒಂದೇ ಎಲೆ. ಕೊನೆಯಲ್ಲಿ ಬಂದವರಿಗೆ ಪಾತ್ರೆಯ ತಳ ಅನ್ನೋ ಮಾತು ಇಲ್ಲಿ ನಡೆಯಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ರಾಜಕೀಯವಾಗಿ ಅತಿ ಮುಖ್ಯವಾದ ಸಂಗತಿ ಇದೇ.

ಇದನ್ನ ಹೇಳಿದಾಗ ಕಾಕಾ ಕ್ಯಾಲ್ಕುಲೇಟರ್ ತೆಗೆದು ಒತ್ತೋಕೆ ಹೋದ್ರು, ಅಂಕಿ ಹಿಡಿಸಲಿಲ್ಲ. ಆಮೇಲೆ ಸಿಜಿನ್ಯಾಟಿನ ಖರ್ಚಿನ ಲೆಕ್ಕ ಮಾತ್ರ ಕಾಗದದ ಮೇಲೆ ಬರೆದುಕೊಂಡ್ರು. ಹೊಸ ಗಿರಾಕಿಗಳಿಗೆ ಹಾಕೋ ರೂಟರುಗಳಲ್ಲಿ ಐಪಿವಿ6 ಇರೋದನ್ನೇ ತರಿಸ್ತಿದ್ದಾರೆ, ಅದು ಈಗ ಅದೇ ದರಕ್ಕೆ ಬರುತ್ತೆ. ಮೇಲಿನ ಕಂಪನಿಗೆ ಪತ್ರ ಬರೆದಿದ್ದಾರಂತೆ. "ಅವ್ರು ಹೂಂ ಅಂದ್ರ ಮೊದಲ ಒಂದ್ ಓಣಿಗೆ ಹಚ್ಚಿ ನೋಡ್ತೀನಿ," ಅಂದ್ರು. "ಗಿರಾಕಿಗ ಗೊತ್ತೇ ಆಗಬಾರ್ದು ನೋಡು, ಗೊತ್ತಾಯ್ತಂದ್ರ ಏನೋ ಕೆಟ್ಟದ ಅಂತ ಅರ್ಥ."

ಯಾವ ಓಣಿ ಅಂತ ಇನ್ನೂ ತೀರ್ಮಾನ ಆಗಿಲ್ಲ. ನಿಮ್ಮ ಊರಿನ ವೈಫೈನಲ್ಲಿ ಯಾವ ನಂಬರ್ ಬಂತು ಅಂತ ನೋಡಿ, ಹಳೇದು ಬಂದ್ರೆ ಫೈಬರ್ ಹಾಕಿದವರನ್ನ ಒಂದು ಮಾತು ಕೇಳಿ. ಗಿರಾಕಿ ಕೇಳೋದಿಲ್ಲ ಅನ್ನೋದೇ ಅವರ ಮೊದಲ ಉತ್ತರ ಆಗಿರುತ್ತೆ.